ಘಟ್ಟದ ಮೇಲಿನ ನೀರು, ಮಕ್ಕಳ ಮೂಳೆ

ನಮ್ಮ ಕರಾವಳಿಯ ಬ್ಯಾರಿಗಳು ಘಟ್ಟ ಹತ್ತಿ ವ್ಯಾಪಾರಕ್ಕೆ ಹೋಗುವುದು ಹೊಸತೇನಲ್ಲ. ಬೇಕರಿ, ಹೋಟೆಲ್, ಚಪ್ಪಲಿ ಅಂಗಡಿ, ಬಟ್ಟೆ ಅಂಗಡಿ, ಗುಜರಿ ಹೀಗೆ ಒಂದಲ್ಲ ಒಂದು ಕಸುಬು ಹಿಡಿದು ಬಯಲುಸೀಮೆಯ ಊರುಗಳಲ್ಲಿ ನೆಲೆ ನಿಂತವರು ನಮ್ಮಲ್ಲಿ ಬಹಳ ಮಂದಿ. ಮೊದಲು ಗಂಡಸರು ಮಾತ್ರ ಹೋಗುತ್ತಿದ್ದರು, ಪೆರ್ನಾಳಿಗೆ ಊರಿಗೆ ಬರುತ್ತಿದ್ದರು. ಈಗ ಹಾಗಲ್ಲ. ಹೆಂಡತಿ ಮಕ್ಕಳೂ ಜೊತೆಗೇ ಇರುತ್ತಾರೆ. ಮಕ್ಕಳು ಅಲ್ಲಿನ ಶಾಲೆಗೆ, ಅಲ್ಲಿನ ಮದ್ರಸಕ್ಕೆ ಹೋಗುತ್ತಾರೆ. ಕುಡಿಯುವುದೂ ಅಲ್ಲಿನ ನೀರನ್ನೇ.

ಈ ವಾರದ ಮಾತು ಆ ನೀರಿನದ್ದು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳಲ್ಲಿ ಅಂತರ್ಜಲದ ಫ್ಲೋರೈಡ್ ಬಹಳ ವರ್ಷಗಳ ತೊಂದರೆ. ಕುಡಿಯುವ ನೀರಿಗೆ ನಿಗದಿಯಾದ ಮಿತಿಯನ್ನು ಮೀರಿದ ಕೊಳವೆಬಾವಿಗಳು ಈ ತಾಲೂಕುಗಳಲ್ಲಿವೆ. ಅದರಲ್ಲೂ ಪಾವಗಡದ ಹೆಸರು ಫ್ಲೋರೈಡ್ ಎಂದೊಡನೆ ನೆನಪಿಗೆ ಬರುವಂಥದ್ದು. ಅಲ್ಲಿಂದ ಊರಿಗೆ ಬಂದ ಮಕ್ಕಳ ಹಲ್ಲಿನ ಕಂದು ಕಲೆ ನೋಡಿ "ಇದೆಂತ, ಹಲ್ಲುಜ್ಜುವುದಿಲ್ಲವಾ?" ಎಂದು ಕೇಳುವ ಅಜ್ಜಿಯರಿದ್ದಾರೆ. ಅದು ಉಜ್ಜಿದರೆ ಹೋಗುವ ಕಲೆ ಅಲ್ಲ. ಇನ್ನು ಕೆಲವರು ಮೊಬೈಲಿನಲ್ಲಿ ಬಂದ ಸಂದೇಶ ನೋಡಿ "ಆ ನೀರು ಕುಡಿದರೆ ಮೂಳೆ ಕ್ಯಾನ್ಸರ್ ಬರುತ್ತದಂತೆ" ಎಂದು ಗಾಬರಿಯಾಗುತ್ತಾರೆ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಅದು ತಿಳಿಯಬೇಕಾದರೆ ಮೊದಲು ಮೂಳೆಯೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಕಟ್ಟುವವರು, ಕೆಡಹುವವರು

ಮೂಳೆ ಅಂದರೆ ಕಲ್ಲಿನ ಹಾಗೆ ಸತ್ತ ವಸ್ತು ಎಂದು ನಾವು ತಿಳಿದುಕೊಂಡಿದ್ದೇವೆ. ಹಾಗಲ್ಲ. ಅದು ಯಾವಾಗಲೂ ರಿಪೇರಿ ನಡೆಯುತ್ತಿರುವ ಮನೆ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ಮೂಳೆ ಹಳತು ಹೋಗಿ ಹೊಸತಾಗುತ್ತದೆ.

ಈ ಕೆಲಸಕ್ಕೆ ಎರಡು ಬಗೆಯ ಕೋಶಗಳಿವೆ. ಹಳೆಯ ಮೂಳೆಯನ್ನು ಕರಗಿಸುವುದು ಆಸ್ಟಿಯೋಕ್ಲಾಸ್ಟ್. ಆ ಜಾಗದಲ್ಲಿ ಹೊಸತನ್ನು ಕಟ್ಟುವುದು ಆಸ್ಟಿಯೋಬ್ಲಾಸ್ಟ್. ಕಟ್ಟುವ ಕೋಶ ಮೊದಲು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಹಾಸುತ್ತದೆ. ಆಮೇಲೆ ಅದರ ಮೇಲೆ ಕ್ಯಾಲ್ಸಿಯಂ ಮತ್ತು ರಂಜಕದ ಹರಳುಗಳು ಕೂರುತ್ತವೆ. ಕಾಂಕ್ರೀಟಿನ ಲೆಕ್ಕದಲ್ಲಿ ಹೇಳುವುದಾದರೆ ಕೊಲಾಜನ್ ಅಂದರೆ ಕಬ್ಬಿಣದ ಸರಳು, ಹರಳು ಅಂದರೆ ಸಿಮೆಂಟು. ಸರಳು ಬಾಗುವ ಗುಣ ಕೊಡುತ್ತದೆ, ಸಿಮೆಂಟು ಗಟ್ಟಿತನ ಕೊಡುತ್ತದೆ. ಎರಡೂ ಹದವಾಗಿದ್ದರೆ ಮಾತ್ರ ಮೂಳೆ ಬಿದ್ದಾಗ ಮುರಿಯದೆ ನಿಲ್ಲುತ್ತದೆ.

ಕಟ್ಟುವ ಕೋಶ ಹುಟ್ಟಿನಿಂದಲೇ ಕಟ್ಟುವ ಕೋಶವಲ್ಲ. ಮಜ್ಜೆಯಲ್ಲಿರುವ ಎಳೆಯ ಮೂಲಕೋಶ ಕೊಬ್ಬಿನ ಕೋಶವೂ ಆಗಬಹುದು, ಮೃದ್ವಸ್ಥಿಯ ಕೋಶವೂ ಆಗಬಹುದು, ಮೂಳೆಯ ಕೋಶವೂ ಆಗಬಹುದು. ಮೂಳೆಯ ಕಡೆಗೆ ತಿರುಗಿಸುವ ಮುಖ್ಯ ಜೀನಿನ ಹೆಸರು ರನ್ಕ್ಸ್-2. ಈ ಜೀನನ್ನು ತೆಗೆದುಹಾಕಿದ ಇಲಿಮರಿಗಳಲ್ಲಿ ಎಲುಬಿನ ಆಕಾರವಿದ್ದರೂ ಗಟ್ಟಿ ಮೂಳೆಯೇ ಆಗಲಿಲ್ಲ ಎಂಬುದನ್ನು ವಿಜ್ಞಾನಿಗಳು 1997ರಲ್ಲಿ ತೋರಿಸಿಕೊಟ್ಟರು. ಕಟ್ಟುವ ಕೋಶ ತನ್ನ ಆಯುಷ್ಯ ಮುಗಿಯುವಾಗ ಸಾಯುತ್ತದೆ, ಇಲ್ಲವೇ ತಾನು ಕಟ್ಟಿದ ಗೋಡೆಯೊಳಗೇ ಸಿಕ್ಕಿ ಕಾವಲುಗಾರನಾಗುತ್ತದೆ. ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಭಾರ ಹೆಚ್ಚು ಬೀಳುತ್ತದೆ ಎಂದು ತಿಳಿಸುವುದು ಆ ಕಾವಲುಗಾರನ ಕೆಲಸ. ಮಣ್ಣಾದ ಮೂಳೆಗಳನ್ನು ಮತ್ತೆ ಜೋಡಿಸುವ ಮಾತು ಕುರ್‌ಆನ್‌ನಲ್ಲಿ ಬರುವುದು ನಮಗೆಲ್ಲ ಗೊತ್ತು. ಬದುಕಿರುವಾಗಲೇ ನಮ್ಮೊಳಗೆ ದಿನಾ ನಡೆಯುವ ಈ ಜೋಡಣೆಯೂ ಸಣ್ಣದೇನಲ್ಲ.

ಫ್ಲೋರೈಡ್ ಎಲ್ಲಿಂದ ಬಂತು?

ಯಾರೋ ನೀರಿಗೆ ಬೆರೆಸಿದ್ದಲ್ಲ. ಮಧುಗಿರಿ ಬೆಟ್ಟ ನೋಡಿದವರಿಗೆ ಗೊತ್ತು, ಆ ಸೀಮೆಯೇ ಬಂಡೆಯ ಸೀಮೆ. ಅಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಯ ಖನಿಜಗಳಲ್ಲಿ ಫ್ಲೋರಿನ್ ಅಂಶವಿದೆ. ನೀರು ಬಂಡೆಯ ಬಿರುಕಿನಲ್ಲಿ ಬಹಳ ಕಾಲ ನಿಂತಾಗ ಅದು ನಿಧಾನವಾಗಿ ಕರಗಿ ನೀರಿಗೆ ಇಳಿಯುತ್ತದೆ. ನೀರು ಕ್ಷಾರವಾಗಿದ್ದು ಅದರಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಹೆಚ್ಚು ಇಳಿಯುತ್ತದೆ.

ನಮ್ಮ ಮಂಗಳೂರಿನ ಕಡೆ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಬಾವಿಯ ನೀರು ವರ್ಷ ವರ್ಷ ತೊಳೆದು ಹೊಸತಾಗುತ್ತದೆ. ಪಾವಗಡದಲ್ಲಿ ಬೀಳುವುದು ಐನೂರು ಆರುನೂರು ಮಿಲಿಮೀಟರ್ ಆಸುಪಾಸು. ತೆರೆದ ಬಾವಿಗಳು ಬತ್ತಿದ ಮೇಲೆ ಜನ ಕೊಳವೆಬಾವಿ ಕೊರೆದರು, ಆಳಕ್ಕೆ, ಇನ್ನೂ ಆಳಕ್ಕೆ ಹೋದರು. ಆಳದ ನೀರು ಅಂದರೆ ಬಂಡೆಯ ಸಹವಾಸ ಹೆಚ್ಚು ಮಾಡಿದ ನೀರು.

ಇದು ತುಮಕೂರಿಗೆ ಮಾತ್ರ ಬಂದ ಕಷ್ಟವೂ ಅಲ್ಲ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಅಲ್ಲಿ ಜನರ ಬೆನ್ನು ಮರದ ಹಲಗೆಯಂತೆ ಬಿಗಿದುಹೋದದ್ದನ್ನು ಶಾರ್ಟ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಬರೆದಿಟ್ಟರು. ನಮ್ಮ ರಾಜ್ಯದಲ್ಲೇ ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಕಡೆಯೂ ಇದು ಇದೆ.

ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ವರೆಗೆ ಫ್ಲೋರೈಡ್ ಇದ್ದರೆ ಅಡ್ಡಿಯಿಲ್ಲ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ವರೆಗೆ ಎಂಬುದು ಭಾರತೀಯ ಮಾನಕ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5.

ಮೂಳೆಗೆ ಏನು ಮಾಡುತ್ತದೆ?

ಹೊಟ್ಟೆಗೆ ಹೋದ ಫ್ಲೋರೈಡಿನಲ್ಲಿ ಒಂದಷ್ಟನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಹೋಗಿ ಸೇರುವುದು ಮೂಳೆ ಮತ್ತು ಹಲ್ಲಿಗೆ. ಬೆಳೆಯುವ ಮಕ್ಕಳ ಮೂಳೆ ದೊಡ್ಡವರಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಕಿಡ್ನಿ ಕೆಟ್ಟವರಲ್ಲಿಯೂ ಹೆಚ್ಚು ಉಳಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತವರು ನಮ್ಮ ಸಮುದಾಯದಲ್ಲಿ ಕಡಿಮೆಯೇನಿಲ್ಲ, ಇದನ್ನು ನೆನಪಿಡಬೇಕು.

ಮೂಳೆಯಲ್ಲಿ ಅದು ಎರಡು ಕೆಲಸ ಮಾಡುತ್ತದೆ. ಒಂದು, ಹರಳಿನೊಳಗೆ ನುಗ್ಗಿ ಅಲ್ಲಿನ ಒಂದು ಭಾಗದ ಜಾಗದಲ್ಲಿ ತಾನು ಕೂರುತ್ತದೆ. ಸಿಮೆಂಟಿನ ಗುಣವೇ ಬದಲಾಗುತ್ತದೆ. ಎರಡು, ಕಟ್ಟುವ ಕೋಶವನ್ನು ಕೆರಳಿಸುತ್ತದೆ. ಕೋಶದೊಳಗೆ 'ಬೆಳೆ, ಹೆಚ್ಚಾಗು' ಎಂಬ ಸಂದೇಶ ಹೋಗುವುದು ಕೆಲವು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಮೂಲಕ. ಕೆಲಸ ಸಾಕೆಂದಾಗ ಆ ಫಾಸ್ಫೇಟನ್ನು ಕಿತ್ತು ತೆಗೆಯುವ ಕಿಣ್ವ ಬೇರೆ ಇದೆ. ಫ್ಲೋರೈಡ್ ಆ ಕೀಳುವ ಕಿಣ್ವದ ಕೈ ಹಿಡಿದುಬಿಡುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಒಂದು ವಿವರಣೆ. ಸ್ವಿಚ್ ಆಫ್ ಆಗುವುದಿಲ್ಲ, ಕಟ್ಟುವ ಕೆಲಸ ಅಗತ್ಯ ಮೀರಿ ನಡೆಯುತ್ತದೆ.

ಹೆಚ್ಚು ಮೂಳೆ ಒಳ್ಳೆಯದಲ್ಲವಾ ಎಂದು ಕೇಳಬಹುದು. ವೈದ್ಯರಿಗೂ ಒಮ್ಮೆ ಹಾಗೇ ಅನಿಸಿತ್ತು. ಅಮೆರಿಕದಲ್ಲಿ ಮೂಳೆ ಸವೆದ 202 ಮಹಿಳೆಯರ ಮೇಲೆ ನಡೆದ ಪ್ರಯೋಗವೊಂದರಲ್ಲಿ ಅರ್ಧದಷ್ಟು ಮಂದಿಗೆ ದಿನಾ ಸೋಡಿಯಂ ಫ್ಲೋರೈಡ್ ಕೊಟ್ಟು ನೋಡಿದರು. 1990ರಲ್ಲಿ ಅದರ ಫಲಿತಾಂಶ ಬಂತು. ಫ್ಲೋರೈಡ್ ಪಡೆದವರ ಬೆನ್ನುಮೂಳೆಯ ಸಾಂದ್ರತೆ ನೂರಕ್ಕೆ 35ರಷ್ಟು ಏರಿತ್ತು. ಆದರೆ ಬೆನ್ನಿನ ಮುರಿತ ಕಡಿಮೆಯಾಗಲಿಲ್ಲ, ಕೈಕಾಲು ಸೊಂಟದ ಮುರಿತ ಹೆಚ್ಚೇ ಆಯಿತು. ತೂಕ ಹೆಚ್ಚಿತು, ಗಟ್ಟಿತನ ಹೆಚ್ಚಲಿಲ್ಲ.

ಬಹಳ ವರ್ಷ ಇಂಥ ನೀರು ಕುಡಿದವರ ಮೈಯಲ್ಲಿ ಆಗುವುದೂ ಇದೇ. ಮೂಳೆ ದಪ್ಪವಾಗುತ್ತದೆ, ಇರಬಾರದ ಕಡೆ ಬೆಳೆಯುತ್ತದೆ, ಸ್ನಾಯುಬಂಧಗಳು ಕಲ್ಲಾಗುತ್ತವೆ. ಮೊದಲು ಬೆಳಗ್ಗೆ ಎದ್ದಾಗ ಸೊಂಟ, ಕುತ್ತಿಗೆ ಬಿಗಿ. ಆಮೇಲೆ ಬಗ್ಗಲು ಆಗುವುದಿಲ್ಲ. ರುಕೂಅ್, ಸುಜೂದಿಗೆ ಕಷ್ಟವಾಗಿ ಕುರ್ಚಿ ಹಿಡಿಯುವವರಲ್ಲಿ ಎಲ್ಲರದ್ದೂ ವಯಸ್ಸಿನ ವಾತ ಆಗಿರಬೇಕೆಂದಿಲ್ಲ. ಮಕ್ಕಳಲ್ಲಿ, ಅದೂ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಮಕ್ಕಳಲ್ಲಿ, ಮೊಣಕಾಲು ಒಂದಕ್ಕೊಂದು ತಾಗುವಂತೆ ಕಾಲು ಸೊಟ್ಟಗಾಗುತ್ತದೆ. ಇದನ್ನು 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಸಂಶೋಧಕರು ಜಗತ್ತಿಗೆ ತಿಳಿಸಿದರು.

ಹಾಗಾದರೆ ಕ್ಯಾನ್ಸರ್?

ಮೂಳೆ ಕಟ್ಟುವ ಕೋಶದಿಂದಲೇ ಹುಟ್ಟುವ ಕ್ಯಾನ್ಸರಿಗೆ ಆಸ್ಟಿಯೋಸಾರ್ಕೋಮಾ ಎಂದು ಹೆಸರು. ಇದು ಅಪರೂಪದ ಕಾಯಿಲೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಮೂರರಿಂದ ಐದು ಮಂದಿಗೆ ಬರುವಂಥದ್ದು. ಆದರೆ ಬರುವುದು ಹೆಚ್ಚಾಗಿ ಹತ್ತರಿಂದ ಇಪ್ಪತ್ತು ವಯಸ್ಸಿನ ಒಳಗೆ, ಮಕ್ಕಳು ಸರ್ರನೆ ಎತ್ತರ ಬೆಳೆಯುವ ಹೊತ್ತಿನಲ್ಲಿ. ಜಾಗವೂ ಹೆಚ್ಚಾಗಿ ಮೊಣಕಾಲಿನ ಆಸುಪಾಸು, ಯಾಕೆಂದರೆ ಕಾಲು ಅತಿ ಹೆಚ್ಚು ಬೆಳೆಯುವುದು ಅಲ್ಲೇ.

ಅಲ್ಲಿ ಆಗುವುದೇನು? ನಮ್ಮ ಪ್ರತಿ ಕೋಶಕ್ಕೂ ಬ್ರೇಕುಗಳಿವೆ. ಪಿ-53 ಎಂಬ ಪ್ರೋಟೀನ್ ಒಂದು, ಆರ್‌ಬಿ ಎಂಬುದು ಇನ್ನೊಂದು. ಡಿಎನ್‌ಎ ಹರಿದರೆ ಪಿ-53 ಕೋಶವನ್ನು ನಿಲ್ಲಿಸಿ ರಿಪೇರಿ ಮಾಡಿಸುತ್ತದೆ, ರಿಪೇರಿ ಆಗದಿದ್ದರೆ ಸಾಯಲು ಹೇಳುತ್ತದೆ. ಆಸ್ಟಿಯೋಸಾರ್ಕೋಮಾದ ಹೆಚ್ಚಿನ ಗಡ್ಡೆಗಳಲ್ಲಿ ಈ ಬ್ರೇಕು ಕಿತ್ತುಹೋಗಿರುತ್ತದೆ, ಕ್ರೋಮೋಸೋಮುಗಳು ಚೂರುಚೂರಾಗಿ ಅಡ್ಡಾದಿಡ್ಡಿ ಅಂಟಿಕೊಂಡಿರುತ್ತವೆ. ಕೋಶ ಮೂಳೆ ಕಟ್ಟುವ ಅಭ್ಯಾಸ ಬಿಡುವುದಿಲ್ಲ, ಆದರೆ ನಕ್ಷೆಯಿಲ್ಲದೆ ಕಟ್ಟುತ್ತದೆ, ನಿಲ್ಲಿಸುವುದೂ ಇಲ್ಲ.

ಫ್ಲೋರೈಡ್ ಕಟ್ಟುವ ಕೋಶವನ್ನು ಕೆರಳಿಸುವುದರಿಂದ ಕ್ಯಾನ್ಸರಿಗೂ ಕಾರಣವಾಗಬಹುದೇ ಎಂಬ ಸಂಶಯ ವಿಜ್ಞಾನಿಗಳಿಗೂ ಬಂದಿತ್ತು. 1990ರಲ್ಲಿ ಅಮೆರಿಕ ಸರಕಾರದ ಪ್ರಯೋಗವೊಂದರಲ್ಲಿ ಹೆಚ್ಚು ಫ್ಲೋರೈಡ್ ಕುಡಿಸಿದ ಗಂಡು ಇಲಿಗಳಲ್ಲಿ ಕೆಲವಕ್ಕೆ ಮೂಳೆ ಗಡ್ಡೆ ಕಂಡಿತು. ಅವರೇ ಅದನ್ನು ಖಚಿತ ಸಾಕ್ಷ್ಯ ಎನ್ನಲಿಲ್ಲ. 2006ರಲ್ಲಿ ಹಾರ್ವರ್ಡ್‌ನ ಅಧ್ಯಯನವೊಂದು ಹುಡುಗರಲ್ಲಿ ಸಂಬಂಧ ಇರಬಹುದು ಎಂದಿತು. 2011ರಲ್ಲಿ ಹಾರ್ವರ್ಡ್‌ನವರೇ ಇದ್ದ ಇನ್ನೊಂದು ತಂಡ ರೋಗಿಗಳ ಮೂಳೆಯಲ್ಲೇ ಫ್ಲೋರೈಡ್ ಅಳೆದು ನೋಡಿದಾಗ ಸಂಬಂಧ ಕಾಣಲಿಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ಕುಡಿಯುವ ನೀರಿನ ಫ್ಲೋರೈಡನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿಲ್ಲ. ವರ್ಗೀಕರಿಸಲು ಸಾಕಷ್ಟು ಆಧಾರವಿಲ್ಲದವುಗಳ ಗುಂಪಿನಲ್ಲಿ ಇಟ್ಟಿದೆ.

ಹಾಗಾಗಿ ಮೊಬೈಲಿನ ಸಂದೇಶಕ್ಕೆ ಹೆದರಿ ಅಂಗಡಿ ಮುಚ್ಚಿ ಬರಬೇಕಾಗಿಲ್ಲ. ಹಲ್ಲಿನ ಕಲೆ ಕ್ಯಾನ್ಸರಿನ ಗುರುತಲ್ಲ. ಅದು ಅಂಟುವುದೂ ಇಲ್ಲ, ವಂಶದಲ್ಲಿ ಬರುವುದೂ ಅಲ್ಲ. ಮಗುವಿನ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ, ಅಂದರೆ ಎಂಟು ವರ್ಷದೊಳಗೆ, ಕುಡಿದ ನೀರಿನ ಗುರುತು ಅಷ್ಟೇ. ಹುಡುಗಿ ನೋಡಲು ಹೋದವರು ಹಲ್ಲು ನೋಡಿ "ಏನೋ ಕಾಯಿಲೆ ಇರಬೇಕು" ಎಂದು ಸಂಬಂಧ ಬಿಡುವುದು ಅನ್ಯಾಯ. ಹಲ್ಲಿನ ಡಾಕ್ಟರರು ಆ ಕಲೆಯನ್ನು ಮುಚ್ಚಿಕೊಡುತ್ತಾರೆ, ನಿಕಾಹ್ ನಿಲ್ಲಿಸಲು ಅದು ಕಾರಣವೇ ಅಲ್ಲ.

ಎಡವಟ್ಟಾಗುವ ಎರಡು ಕಡೆ

ಫ್ಲೋರೈಡ್ ಇರುವ ಊರಿನಲ್ಲಿ ಎರಡು ತರದ ತಪ್ಪು ಆಗಬಹುದು.

ಮೊದಲನೆಯದು, ಕ್ಯಾನ್ಸರನ್ನು ನೀರಿನ ನೋವು ಎಂದುಕೊಳ್ಳುವುದು. "ಇಲ್ಲಿನ ನೀರೇ ಹಾಗೆ, ಎಲ್ಲರಿಗೂ ಕಾಲು ನೋವು" ಎಂದು ಹದಿನಾಲ್ಕು ವಯಸ್ಸಿನ ಹುಡುಗನ ಮೊಣಕಾಲಿಗೆ ಎಣ್ಣೆ ತಿಕ್ಕಿಸುತ್ತಾ ಕೂತರೆ ತಿಂಗಳುಗಳು ಹೋಗುತ್ತವೆ. ಬೆಳವಣಿಗೆಯ ಮಾಮೂಲಿ ನೋವು ಸಾಮಾನ್ಯವಾಗಿ ಎರಡೂ ಕಾಲಿನಲ್ಲಿ, ಸಂಜೆ ಬಂದು ಬೆಳಗ್ಗೆ ಹೋಗುತ್ತದೆ. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ ಎರಡು ಮೂರು ವಾರ ಬಿಡದ ನೋವು, ರಾತ್ರಿ ನಿದ್ದೆ ಕೆಡಿಸುವ ನೋವು, ಊತ, ಕುಂಟು, ಸಣ್ಣ ಪೆಟ್ಟಿಗೇ ಮುರಿತ ಇವು ಕಂಡರೆ ಮೊದಲು ಎಕ್ಸ್‌ರೇ ಆಗಬೇಕು. ಊತವಿರುವ ಕಾಲನ್ನು ಎಳೆಯುವುದು, ತಿಕ್ಕುವುದು ಬೇಡವೇ ಬೇಡ. ಗಡ್ಡೆ ಎಂದು ಸಂಶಯ ಬಂದರೆ ತುಂಡು ತೆಗೆದು ನೋಡುವ ಪರೀಕ್ಷೆಯನ್ನೂ ಮುಂದೆ ಆಪರೇಶನ್ ಮಾಡುವ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸುವುದು ಒಳ್ಳೆಯದು.

ಈ ಕ್ಯಾನ್ಸರ್ ಎಂದರೆ ಕಾಲು ಕತ್ತರಿಸುವುದೇ ಎಂಬ ಭಯ ಹಳೆಯದು. ಐವತ್ತು ವರ್ಷದ ಹಿಂದೆ ಕಾಲು ತೆಗೆದರೂ ನೂರರಲ್ಲಿ ಇಪ್ಪತ್ತು ಮಂದಿ ಬದುಕುವುದೇ ಕಷ್ಟವಿತ್ತು. ಕಿಮೋಥೆರಪಿ ಬಂದ ಮೇಲೆ, ಶ್ವಾಸಕೋಶಕ್ಕೆ ಹರಡುವ ಮೊದಲೇ ಸಿಕ್ಕಿ ಪೂರ್ತಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 60ರಿಂದ 70 ಮಂದಿ ಐದು ವರ್ಷ ದಾಟುತ್ತಾರೆ. ಹೆಚ್ಚಿನವರಿಗೆ ಗಡ್ಡೆಯ ಭಾಗ ಮಾತ್ರ ತೆಗೆದು ಲೋಹದ ಕೀಲು ಹಾಕಿ ಕಾಲು ಉಳಿಸುತ್ತಾರೆ. ತುಮಕೂರಿನ ಕಡೆಯವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹತ್ತಿರ. ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಹೊತ್ತು 1973ರಲ್ಲಿ ಶುರುವಾದ ಸರಕಾರಿ ಕ್ಯಾನ್ಸರ್ ಆಸ್ಪತ್ರೆ ಅದು. ಊರಿಗೇ ಬರುವುದಾದರೆ ಮಣಿಪಾಲ, ಮಂಗಳೂರು, ದೇರಳಕಟ್ಟೆಯಲ್ಲಿ ಕ್ಯಾನ್ಸರ್ ವಿಭಾಗಗಳಿವೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿ ವರೆಗೆ ನೆರವಿದೆ.

ಎರಡನೆಯದು ಇದಕ್ಕೆ ಉಲ್ಟಾ. ಮೂವತ್ತು ವರ್ಷ ಆ ಸೀಮೆಯಲ್ಲಿದ್ದು ಊರಿಗೆ ಮರಳಿದ ಹಿರಿಯರ ಬೆನ್ನಿನ ಎಕ್ಸ್‌ರೇ ಸುಣ್ಣ ಬಳಿದಂತೆ ಬೆಳ್ಳಗೆ ಕಾಣಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಎಕ್ಸ್‌ರೇ ಹಾಗೇ ಬೆಳ್ಳಗಿರುತ್ತದೆ. ಕಟ್ಟುವ ಕೋಶವನ್ನು ಕೆರಳಿಸುವುದು ಎರಡೂ ಕಡೆ ನಡೆಯುತ್ತದಲ್ಲ, ಅದಕ್ಕೇ ಈ ಹೋಲಿಕೆ. ರಕ್ತದ ಆಲ್ಕಲೈನ್ ಫಾಸ್ಫಟೇಸ್ ಎರಡರಲ್ಲೂ ಏರಬಹುದು. ಕರಾವಳಿಯ ಡಾಕ್ಟರರಿಗೆ ಫ್ಲೋರೈಡ್ ಕಾಯಿಲೆ ದಿನಾ ಕಾಣುವಂಥದ್ದಲ್ಲ. ಆದ್ದರಿಂದ "ನಾವು ಇಷ್ಟು ವರ್ಷ ಪಾವಗಡದಲ್ಲಿದ್ದೆವು, ಬೋರ್‌ವೆಲ್ ನೀರು ಕುಡಿಯುತ್ತಿದ್ದೆವು" ಎಂದು ನಾವೇ ಹೇಳಬೇಕು. ಮುಂಗೈಯ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ, ಪಿಎಸ್‌ಎ ರಕ್ತಪರೀಕ್ಷೆ ಇವುಗಳಿಂದ ಯಾವುದೆಂದು ಬಿಡಿಸಲು ಡಾಕ್ಟರರಿಗೆ ದಾರಿ ಸಿಗುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಫ್ಲೋರೈಡ್ ಇರುವ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟು ಫ್ಲೋರೈಡ್ ಇನ್ನೂ ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಮೇಣದಬತ್ತಿ ಫಿಲ್ಟರ್ ಇವೂ ಪ್ರಯೋಜನವಿಲ್ಲ. ಆರ್‌ಒ ಯಂತ್ರ, ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಇವು ತೆಗೆಯುತ್ತವೆ. ಊರೂರಲ್ಲಿ ಸರಕಾರ ಹಾಕಿದ ಶುದ್ಧ ನೀರಿನ ಘಟಕಗಳಿವೆ, ಕ್ಯಾನ್ ಹಿಡಿದು ಹೋಗಿ ತರಬಹುದು. ಆದರೆ ಯಂತ್ರದ ಪೊರೆ ಬದಲಾಯಿಸದೆ ವರ್ಷಗಟ್ಟಲೆ ಓಡಿಸಿದರೆ ಹೆಸರಿಗೆ ಮಾತ್ರ ಶುದ್ಧ. ಆರ್‌ಒ ಹೊರಬಿಡುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುತ್ತದೆ, ಅದನ್ನು ಆಡು ಹಸುವಿಗೆ ಕುಡಿಸಬಾರದು.

ಅಡುಗೆಗೂ ಒಳ್ಳೆಯ ನೀರೇ ಬೇಕು. ಅನ್ನ, ಗಂಜಿ, ಸಾರು ಎಲ್ಲದರಲ್ಲೂ ನೀರು ಹೊಟ್ಟೆಗೆ ಹೋಗುತ್ತದೆ. ನಮ್ಮ ಸುಲೈಮಾನಿ ಚಹಾದ ವಿಷಯವನ್ನೂ ಹೇಳಲೇಬೇಕು. ಚಹಾ ಗಿಡ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಆ ನೀರಿನಲ್ಲೇ ಕಡು ಸುಲೈಮಾನಿ ಮಾಡಿ ದಿನಕ್ಕೆ ಆರೇಳು ಲೋಟ ಕುಡಿದರೆ ಎರಡು ಕಡೆಯಿಂದ ಸೇರಿದಂತೆ. ಹಾಲು, ಮೊಸರು, ರಾಗಿ, ಮುಳ್ಳಿನ ಸಣ್ಣ ಮೀನು ಇವುಗಳ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡನ್ನು ಹಿಡಿದು ಹೊರಗೆ ಹಾಕಲು ನೆರವಾಗುತ್ತದೆ. ಆ ಸೀಮೆಯ ರಾಗಿ ಮುದ್ದೆಗೆ ನಮ್ಮ ಮಕ್ಕಳು ಮುಖ ಸಿಂಡರಿಸುತ್ತಾರೆ, ಆದರೆ ಕ್ಯಾಲ್ಸಿಯಂ ಲೆಕ್ಕದಲ್ಲಿ ಅಕ್ಕಿಯನ್ನು ಅದರ ಪಕ್ಕ ಇಡಲಿಕ್ಕೇ ಆಗದು. ಹಾಲುಣಿಸುವ ಉಮ್ಮಂದಿರು ಹೆದರಬೇಡಿ, ಎದೆಹಾಲಿಗೆ ಫ್ಲೋರೈಡ್ ಇಳಿಯುವುದು ತೀರಾ ಕಡಿಮೆ. ಬಾಟಲಿ ಹಾಲಿನ ಪುಡಿಯನ್ನು ಬೋರ್‌ವೆಲ್ ನೀರಿನಲ್ಲಿ ಕಲಸುವುದೇ ಅಪಾಯ.

ವುಝೂ, ಸ್ನಾನ, ಬಟ್ಟೆ ಒಗೆಯಲು ಅದೇ ನೀರು ಸಾಕು. ಚರ್ಮದಿಂದ ಫ್ಲೋರೈಡ್ ಒಳಗೆ ಹೋಗುವುದಿಲ್ಲ. ಬಾಯಿ ಮುಕ್ಕಳಿಸಿ ಉಗುಳಿದರೂ ತೊಂದರೆಯಿಲ್ಲ. ಮಸೀದಿಯ ಹೌಳಿನ ನೀರಿನ ಬಗ್ಗೆ ಸಂಶಯ ಬೇಡ, ಮದ್ರಸದ ಮಕ್ಕಳು ಕುಡಿಯುವ ನಲ್ಲಿಯ ಬಗ್ಗೆ ಮಾತ್ರ ಜಮಾಅತಿನವರು ವಿಚಾರಿಸಬೇಕು.

ಆಕಾಶದ ನೀರು

ಹೆಮಾವತಿ ನೀರು ಶಿರಾದ ಕಡೆಗೆ ಹರಿದಿದೆ, ಪಾವಗಡಕ್ಕೆ ತುಂಗಭದ್ರೆಯ ಹಿನ್ನೀರು ತರುವ ಯೋಜನೆಯಿದೆ. ನದಿ ನೀರು ಮನೆ ಬಾಗಿಲಿಗೆ ಬಂದಲ್ಲಿ ಅದನ್ನೇ ಕುಡಿಯಬೇಕು. ಬಾರದ ಕಡೆ ಮಳೆನೀರಿದೆ. ಮಳೆಯ ಹನಿ ಬಂಡೆಯನ್ನು ಮುಟ್ಟಿರುವುದೇ ಇಲ್ಲವಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ತಾರಸಿ ಸುಮಾರು 93 ಚದರ ಮೀಟರ್. ವರ್ಷಕ್ಕೆ 550 ಮಿಲಿಮೀಟರ್ ಮಳೆ ಬಂದರೆ 51 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 40 ಸಾವಿರ ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ ವರ್ಷಕ್ಕೆ ಬೇಕಾಗುವುದು ಒಂಬತ್ತು ಸಾವಿರ ಚಿಲ್ಲರೆ ಲೀಟರ್. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿ ತುಂಬಿಟ್ಟರೆ ಆಯಿತು. ಮಸೀದಿಯ ತಾರಸಿ ಇನ್ನೂ ದೊಡ್ಡದು, ಒಂದು ಮಸೀದಿಯ ಮಾಡು ನಾಲ್ಕೈದು ಮನೆಗೆ ಧಾರಾಳ ಸಾಕು.

ಶಿರಾ ಅಂದರೆ ಮಲಿಕ್ ರಿಹಾನ್ ದರ್ಗಾ, ಮೊಗಲರ ಕಾಲದ ಜುಮಾ ಮಸೀದಿ ಇರುವ ಹಳೆಯ ಊರು. ಅಂಥ ಊರುಗಳಲ್ಲಿ ಹಿಂದಿನವರು ಬದುಕಿದ್ದು ಕೆರೆ, ಕಲ್ಯಾಣಿಗಳಲ್ಲಿ ಕೂಡಿಟ್ಟ ಮಳೆನೀರನ್ನು ನಂಬಿಯೇ.

ಕೊನೆಯದಾಗಿ ಗಲ್ಫಿನಲ್ಲಿರುವ ನಮ್ಮ ಮಕ್ಕಳಿಗೆ ಒಂದು ಮಾತು. ತೀರಿಹೋದ ಬಾಪನ ಹೆಸರಿನಲ್ಲಿ, ಉಮ್ಮನ ಹೆಸರಿನಲ್ಲಿ ಬಯಲುಸೀಮೆಯ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಸಅದ್ ಬಿನ್ ಉಬಾದ ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದ ಕಥೆ ಕೇಳಿಯೇ ನಾವು ಬೆಳೆದದ್ದು. ಆದರೆ ಈ ನಾಲ್ಕು ತಾಲೂಕುಗಳಲ್ಲಿ ನೀರು ಬಂತು ಎಂದೊಡನೆ ನಾಮಫಲಕ ಹಾಕಿ ಫೋಟೋ ಕಳಿಸಿದರೆ ಕೆಲಸ ಮುಗಿಯಲಿಲ್ಲ. ಒಂದು ಬಾಟಲಿ ನೀರನ್ನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ ಫ್ಲೋರೈಡ್ ಎಷ್ಟಿದೆ ಎಂದು ಬರೆಸಿಕೊಳ್ಳಿ. ಗ್ರಾಮ ಪಂಚಾಯತಿನಲ್ಲಿ ಪರೀಕ್ಷೆಯ ಕಿಟ್ ಇದ್ದರೆ ಅಲ್ಲೇ ನೋಡಬಹುದು. 1.5 ದಾಟಿದ್ದರೆ ಆ ಬೋರ್‌ವೆಲ್ ತೊಳೆಯಲು, ಗಿಡಗಳಿಗೆ ಇರಲಿ, 'ಕುಡಿಯಲು ಅಲ್ಲ' ಎಂದು ದೊಡ್ಡದಾಗಿ ಬರೆಸಿ. ಉಳಿದ ಹಣದಲ್ಲಿ ಅದೇ ಹೆಸರಿನಲ್ಲಿ ಮದ್ರಸದ ಮಾಡಿಗೆ ಪೈಪು ಹಾಕಿಸಿ ಒಂದು ಮಳೆನೀರಿನ ತೊಟ್ಟಿ ಕಟ್ಟಿಸಿ. ಸದಕಾ ಜಾರಿಯಾದ ನೀರು ಕುಡಿದು ಯಾರ ಮಗುವಿನ ಮೂಳೆಯೂ ಕೆಡದಿರಲಿ.